ಮಣ್ಣಿಲ್ಲದ ಬೇಸಾಯವೂ ಕರಾವಳಿಯ ಜಮೀನುದಾರರೂ

ಮಣ್ಣನ್ನು ಬಿಟ್ಟು ನೀರಿನಲ್ಲಿಯೂ ಮರಳಿನಲ್ಲಿಯೂ ಪೈರು ಬೆಳೆಯುವ ಕ್ರಮವನ್ನು ಇಂದ್ರಜಾಲವೆಂದು ನಂಬುವವರೂ ಹುಚ್ಚಾಟವೆಂದು ನಗುವವರೂ ಸಮವಾಗಿ ತಪ್ಪುತ್ತಾರೆ. ಗಿಡವು ಮಣ್ಣಿನಿಂದ ಪಡೆಯುವುದು ಆಧಾರ, ನೀರು, ಬೇರಿಗೆ ಗಾಳಿ, ಮತ್ತು ಸಾರಜನಕ, ರಂಜಕ, ಪೊಟ್ಯಾಶ್, ಸುಣ್ಣ, ಕಬ್ಬಿಣ ಮೊದಲಾದ ಆಹಾರಾಂಶಗಳನ್ನು. ಇವನ್ನು ಬೇರೆ ರೀತಿಯಿಂದ ಅಳತೆಯಾಗಿ ಒದಗಿಸಿದರೂ ಗಿಡವು ಬೆಳೆಯುವುದು.

1929ರಲ್ಲಿ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಗೆರಿಕೆಯವರು ಪ್ರಯೋಗಶಾಲೆಯ ಈ ಕ್ರಮವನ್ನು ಬೇಸಾಯಕ್ಕೆ ತಂದರು. 1937ರಲ್ಲಿ ಅದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರಾಯಿತು. ಭಾರತದಲ್ಲಿ 1946ರಿಂದ ಶೋಲ್ಟೊ ಡಗ್ಲಸ್ ಎಂಬವರು ಬಂಗಾಳದ ಕಾಲಿಂಪಾಂಗಿನಲ್ಲಿ ಇದನ್ನು ಪರೀಕ್ಷಿಸಿ, ಜಲ್ಲಿ ಮರಳುಗಳ ಪಾತಿಯ ಮೇಲೆ ಒಣ ಲವಣಗಳನ್ನು ಚೆಲ್ಲಿ ನೀರುಣಿಸುವ ಸುಲಭ ವಿಧಾನವನ್ನು ರೂಢಿಸಿದರು. ಬಂಗಾಳ ಪದ್ಧತಿಯೆಂಬ ಇದಕ್ಕೆ ಪಂಪಿನ ಅಗತ್ಯವಿಲ್ಲ.

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಈ ಬೇಸಾಯವು ನೆಲದ ಸ್ಥಾನವನ್ನು ಆಕ್ರಮಿಸಲಾರದು, ಆಕ್ರಮಿಸಲೂ ಬಾರದು. ಅಘನಾಶಿನಿಯ ಗಜನಿಯಲ್ಲಿ ಉಪ್ಪನ್ನು ತಾಳಿ ಬೆಳೆಯುವ ಕಗ್ಗ ಭತ್ತ, ಹೊನ್ನಾವರದ ವೀಳ್ಯದೆಲೆ, ಭಟ್ಕಳದ ಮಲ್ಲಿಗೆ, ಇವೆಲ್ಲ ಮಣ್ಣಿನ ವರಗಳು. ಗಜನಿಯ ಒಡ್ಡಿಗೆ ತೊಡಗಿಸಬೇಕಾದ ಹಣವನ್ನು ಕೊಳವೆ ಪಂಪುಗಳಿಗೆ ಸುರಿಯುವುದು ವಿವೇಕವಲ್ಲ. ಗಾಳಿಮಳೆಗೆ ವಿದ್ಯುತ್ತು ನಿಂತಿತೆಂದರೆ, ಕೊಳವೆಯ ತೆಳುನೀರನ್ನೇ ನಂಬಿದ ಗಿಡಗಳು ಕೆಲವು ತಾಸುಗಳಲ್ಲಿಯೇ ಬಾಡಿಹೋಗುವುವು.

ಆದರೆ ಜೂನಿನಿಂದ ಸೆಪ್ಟೆಂಬರಿನವರೆಗಿನ ಬಿರುಮಳೆಯಲ್ಲಿ ಬಯಲಿನ ಸೊಪ್ಪುಗಳು ಕೊಳೆಯುವುದೂ, ತರಕಾರಿಗಾಗಿ ಘಟ್ಟದ ಮೇಲಿನ ಸರಕನ್ನು ಕಾಯುವುದೂ ಎಲ್ಲರೂ ಬಲ್ಲ ಸಂಗತಿ. ಈ ಒಂದು ಕೊರತೆಗೆ ಬಂಗಾಳ ಪದ್ಧತಿಯು ತಕ್ಕ ಉಪಾಯವು. ಬೆಳಕು ಹಾಯುವ ಮಾಡಿನ ಕೆಳಗೆ ಹತ್ತಡಿ ಉದ್ದ, ಮೂರಡಿ ಅಗಲ, ಎಂಟಂಗುಲ ಆಳದ ಪಾತಿಯೊಂದನ್ನು ಕಟ್ಟಿ, ತಳದಲ್ಲಿ ನೀರು ಬಸಿಯಲು ತೂತುಗಳನ್ನಿಟ್ಟು, ಹರಿವೆಯನ್ನು ಬಿತ್ತಬಹುದು.

ಕಡಲ ಮರಳನ್ನು ಮಾತ್ರ ಎಂದಿಗೂ ಉಪಯೋಗಿಸಕೂಡದು. ಅದರಲ್ಲಿ ಉಪ್ಪಲ್ಲದೆ ಚಿಪ್ಪಿನ ಸುಣ್ಣವೂ ಇರುವುದು. ಸುಣ್ಣ ಹೆಚ್ಚಿದಲ್ಲಿ ಕಬ್ಬಿಣವು ಬೇರಿಗೆ ದಕ್ಕದೆ ಎಳೆಯೆಲೆಗಳು ಹಳದಿಯಾಗುವುವು. ಉಪ್ಪುನೀರು ಏರದ ಎಡೆಯ ಹೊಳೆಮರಳನ್ನು ತೊಳೆದು ಬಳಸತಕ್ಕದ್ದು. ನೀರು ಕಿಂಚಿತ್ ಹುಳಿಯಾಗಿ, ಅಂದರೆ ಪಿಎಚ್ 5.5ರಿಂದ 6.5ರೊಳಗೆ, ಇರುವುದು ಲೇಸು. ಮಳೆಗಾಲದಲ್ಲಿ ಸೂರಿನ ನೀರನ್ನು ಹಿಡಿದಿಟ್ಟರೆ ಸಾಕು; ಬೇಸಗೆಯಲ್ಲಿ ಹೊಳೆಬಾಯಿಯ ಬಾವಿಗಳು ಉಪ್ಪಾಗುವುದರಿಂದ ಪರೀಕ್ಷೆ ಮಾಡಿಸದೆ ಅವುಗಳ ನೀರನ್ನು ಹಾಕಲಾಗದು.

ಊರಿನ ಮುಖಂಡರು ಮೊದಲು ಇಂತಹ ಒಂದೇ ಪಾತಿಯನ್ನು ಮಾಡಿಸಿ, ಒಂದು ಮಳೆಗಾಲದ ಖರ್ಚನ್ನೂ ಹುಟ್ಟುವಳಿಯನ್ನೂ ತಪ್ಪದೆ ಬರೆದಿಡಲಿ. ಲೆಕ್ಕವು ಲಾಭವನ್ನು ತೋರಿದರೆ ಎರಡನೆಯ ಪಾತಿಗೆ ಕೈಹಾಕಬಹುದು. ತೋರದಿದ್ದರೆ ನಷ್ಟವು ಅಲ್ಪದಲ್ಲಿಯೇ ನಿಲ್ಲುವುದು. ಪರರ ಬಾಯಿಮಾತಿಗೆ ಮರುಳಾಗಿ ಸಾಲ ಮಾಡಿ ದೊಡ್ಡ ಯಂತ್ರಸಾಮಗ್ರಿಯನ್ನು ತರಿಸಿದವನಿಗೆ ಈ ಸೌಕರ್ಯವಿಲ್ಲ.