ದೇಶದ ಬೆಳವಣಿಗೆಯೂ ಕಮತಗಿಯ ಮಜೂರಿಯೂ



ಬಾಗಲಕೋಟೆಯಿಂದ ಅಮೀನಗಡದ ಕಡೆಗೆ ಸಾಗುವ ದಾರಿಯಲ್ಲಿ, ಮಲಪ್ರಭೆಗೆ ಸಮೀಪವಾಗಿ, ಕಮತಗಿ ಎಂಬ ಊರಿದೆ. ಹುಚ್ಚೇಶ್ವರ ಮಠದಿಂದಾಗಿ ಭಕ್ತರಿಗೂ, ಮಗ್ಗಗಳಿಂದಾಗಿ ಜವಳಿ ವ್ಯಾಪಾರಿಗಳಿಗೂ ಅದು ಪರಿಚಿತ. ಇಳಕಲ್ಲ ಸೀರೆ ಎಂದು ನಾವು ಕರೆಯುವುದೆಲ್ಲ ಇಳಕಲ್ಲಿನಲ್ಲಿಯೇ ಹುಟ್ಟಿದುದಲ್ಲ. ಕಮತಗಿ, ಸೂಳೇಭಾವಿ, ಅಮೀನಗಡ ಮೊದಲಾದ ಊರುಗಳ ಮಗ್ಗಗಳಲ್ಲಿಯೂ ಅದು ಸಿದ್ಧವಾಗುತ್ತದೆ.

ಈಚೆಗೆ ಆ ಊರಿನ ಒಂದು ಮನೆಯ ಪಡಸಾಲೆಯಲ್ಲಿ ನಾವು ಕೆಲಹೊತ್ತು ಕುಳಿತಿದ್ದೆವು. ಮನೆಯ ಯಜಮಾನರು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದರು. ಅವರ ಪತ್ನಿ ಕಂಡಿಕೆ ಸುತ್ತುತ್ತಿದ್ದರು. ಮಗ ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದನು. ಪತ್ರಿಕೆಯವರು ಬಂದಿದ್ದಾರೆಂದು ತಿಳಿದು ಆ ಹಿರಿಯರು ಕೈಯ ಕೆಲಸ ನಿಲ್ಲಿಸದೆಯೇ ಕೇಳಿದರು: “ದೇಶ ಭಾಳ ಬೆಳದೈತಿ ಅಂತಾರಲ್ರೀ, ಅದು ನಮ್ಮ ಮಜೂರಿಗೆ ಯಾವಾಗ ಮುಟ್ಟತೈತ್ರೀ?” ಅಂದು ನಮಗೆ ತಕ್ಕ ಉತ್ತರ ಹೊಳೆಯಲಿಲ್ಲ. ಈ ತಿಂಗಳ ನಮ್ಮ ಮಾತು ಆ ಪ್ರಶ್ನೆಯನ್ನೇ ಕುರಿತದ್ದು.

ದೇಶ ಬೆಳೆದಿದೆ ಎಂಬುದು ಸುಳ್ಳಲ್ಲ. 1991ರ ಆರ್ಥಿಕ ಸುಧಾರಣೆಗಳ ತರುವಾಯ ನಮ್ಮ ರಾಷ್ಟ್ರೀಯ ಆದಾಯವು ಹಲವು ಪಟ್ಟು ಏರಿದೆ. ಬಡತನವನ್ನು ಕೇವಲ ಹಣದಿಂದ ಅಳೆಯದೆ, ಆಹಾರ, ಶಾಲೆ, ಅಡುಗೆಯ ಇಂಧನ, ಶೌಚಾಲಯ, ವಿದ್ಯುತ್ತು, ಮನೆ ಮೊದಲಾದ 12 ಅಂಶಗಳಿಂದ ಅಳೆದ ನೀತಿ ಆಯೋಗವು 2023ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಅದರಂತೆ ಬಹು ಆಯಾಮದ ಬಡತನದಲ್ಲಿರುವವರು 2015–16ರಲ್ಲಿ ನೂರಕ್ಕೆ ಸುಮಾರು 25 ಇದ್ದುದು 2019–21ರ ವೇಳೆಗೆ 15ಕ್ಕೆ ಇಳಿದರು. ಹದಿಮೂರೂವರೆ ಕೋಟಿ ಜನ ಆ ಸ್ಥಿತಿಯಿಂದ ಮೇಲೆದ್ದರೆಂದು ಲೆಕ್ಕ. ಇದನ್ನು ಹಗುರಾಗಿ ಕಾಣುವುದು ಸಲ್ಲದು. ಹೊಗೆಯಿಲ್ಲದ ಒಲೆಯ ಮುಂದೆ ನಿಂತ ತಾಯಿಗೆ ಈ ಅಂಕಿಯ ಅರ್ಥ ಚೆನ್ನಾಗಿ ಗೊತ್ತು.

ಆದರೆ ಬೆಳವಣಿಗೆಯು ಎಲ್ಲ ಹೊಲಕ್ಕೂ ಸಮನಾಗಿ ಸುರಿಯುವ ಮಳೆಯಲ್ಲ. ಅದು ಕಾಲುವೆಯ ನೀರಿದ್ದಂತೆ. ಕಾಲುವೆ ತೋಡಿದ ಕಡೆಗೆ ಹರಿಯುತ್ತದೆ, ಉಳಿದ ಹೊಲ ಒಣಗಿಯೇ ಇರುತ್ತದೆ. ನಮ್ಮ ರಾಜ್ಯದಲ್ಲಿಯೇ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ನೀಡಿದ ವರದಿಯು ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವಾಗಿದ್ದವು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯಮವು ಹೆಸರು ಗಳಿಸುತ್ತಿದ್ದ ಕಾಲವೂ ಅದೇ ಎಂಬುದನ್ನು ಮರೆಯಲಾಗದು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಚೀನಾ ದೇಶವು 1978ರ ನಂತರ ಸುಧಾರಣೆಯನ್ನು ಮೊದಲು ಹಳ್ಳಿಯ ಹೊಲದಿಂದ ಆರಂಭಿಸಿತು. ರೈತನಿಗೆ ತನ್ನ ಬೆಳೆಯ ಮೇಲೆ ಹಕ್ಕು ದೊರೆಯಿತು, ಹಳ್ಳಿಗಳ ಬಳಿಯೇ ಸಣ್ಣ ಕಾರ್ಖಾನೆಗಳು ಎದ್ದವು. ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರೆಂದು ವಿಶ್ವಬ್ಯಾಂಕಿನ ಎಣಿಕೆ. ದಕ್ಷಿಣ ಕೊರಿಯವು ಭೂಸುಧಾರಣೆ ಮಾಡಿ, ಶಾಲೆಗಳನ್ನು ಊರೂರಿಗೆ ಮುಟ್ಟಿಸಿ, ಆಮೇಲೆ ಕಾರ್ಖಾನೆಗಳನ್ನು ಬೆಳೆಸಿತು. ಇತ್ತ ನೈಜೀರಿಯ ದೇಶದಲ್ಲಿ ನೆಲದಡಿಯ ತೈಲದಿಂದ ಅಪಾರ ಹಣ ಬಂದರೂ ಕೋಟ್ಯಂತರ ಜನ ಬಡವರಾಗಿಯೇ ಉಳಿದರು. ತೈಲ ತೆಗೆಯುವುದಕ್ಕೆ ಬಹಳ ಕೈಗಳು ಬೇಕಾಗಲಿಲ್ಲ. ಬಂದ ಹಣವು ದುಡಿಯುವ ಕೈಗೆ ಸೇರಲಿಲ್ಲ.

ಈ ಬೆಳಕಿನಲ್ಲಿ ಕಮತಗಿಯ ಮಗ್ಗವನ್ನು ನೋಡೋಣ. ಇಳಕಲ್ಲ ಸೀರೆಯ ವಿಶೇಷವು ಅದರ ತೋಪು ತೆನೆಯಲ್ಲಿದೆ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ರೇಷ್ಮೆಯ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಬೇಕು. ಇದು ತಾಳ್ಮೆಯ ಕೆಲಸ. ನೂಲಿಗೆ ಗಂಜಿ ಹಾಕುವವರು, ಹಾಸು ಸಿದ್ಧಪಡಿಸುವವರು, ಕಂಡಿಕೆ ಸುತ್ತುವವರು ಬಹುಮಟ್ಟಿಗೆ ಮನೆಯವರೇ. ಸಾವಕಾರರು ನೂಲು, ರೇಷ್ಮೆ ಕೊಡುತ್ತಾರೆ. ಸೀರೆ ಸಿದ್ಧವಾದೊಡನೆ ಒಂದು ಸೀರೆಗೆ ಇಂತಿಷ್ಟು ಎಂದು ಮಜೂರಿ. ಅಂದರೆ ಮೂವರ ದುಡಿಮೆ, ಒಂದೇ ಕೂಲಿ. ರೇಷ್ಮೆಯ ಬೆಲೆ ಏರಿದರೆ ಸೀರೆಯ ಬೆಲೆ ಏರುತ್ತದೆ. ಆ ಏರಿಕೆಯಲ್ಲಿ ನೇಕಾರನಿಗೆ ಪಾಲಿಲ್ಲ. ಮಾರಾಟ ಕುಂದಿದಾಗ ಮಾತ್ರ ಮೊದಲು ನಿಲ್ಲುವುದು ಅವನ ಮಗ್ಗ.

2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು 31 ಲಕ್ಷಕ್ಕೂ ಮಿಕ್ಕ ಕುಟುಂಬಗಳನ್ನು ಎಣಿಸಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕುಟುಂಬಗಳ ತಿಂಗಳ ಆದಾಯವು 5000 ರೂಪಾಯಿಗೂ ಕಡಿಮೆಯೆಂದು ಕಂಡುಬಂದಿತು. ನೇಕಾರರಲ್ಲಿ ಹತ್ತಕ್ಕೆ ಏಳಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳು. ಗೋವೆಗೆ ಹೋದ ಮಗ ಮಗ್ಗಕ್ಕೆ ಏಕೆ ಮರಳುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಅವನನ್ನು ನಾವು ದೂರಲಾರೆವು. ಓದಿ, ಬೇರೆ ಉದ್ಯೋಗ ಹಿಡಿದು ಏಳಿಗೆಯಾಗುವುದೂ ಬಡತನವನ್ನು ದಾಟುವ ಒಂದು ದಾರಿಯೇ. ಆದರೆ ಅವನು ಮೆಚ್ಚಿ ಹೋಗಬೇಕು, ಹೊಟ್ಟೆಗಾಗಿ ಓಡಿಹೋಗುವಂತಾಗಬಾರದು.

ಸರಕಾರವು ಏನನ್ನೂ ಮಾಡಿಲ್ಲವೆಂದಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 1985ರಲ್ಲಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ಬಂದಿತು. 2006ರಲ್ಲಿ ಕೈಮಗ್ಗ ಮುದ್ರೆ ಬಂದಿತು. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಹೀಗಿದ್ದರೂ ವಿದ್ಯುತ್ ಮಗ್ಗದಲ್ಲಿ ನೇಯ್ದ ಅದೇ ಅಂಚಿನ, ಅದೇ ಬಣ್ಣದ ಸೀರೆಯು ಅರ್ಧ ಬೆಲೆಗಿಂತ ಕಡಿಮೆಗೆ ದೊರೆತಾಗ, ಕಾಯಿದೆಯ ಪುಸ್ತಕವನ್ನು ತೆರೆದು ನೋಡುವ ಗಿರಾಕಿ ಯಾರು?

ಇಲ್ಲಿಯೇ ನಮ್ಮ ಮನೆಗಳ ಹೊಣೆ ಆರಂಭವಾಗುತ್ತದೆ. ಜೇಡರ ದಾಸಿಮಯ್ಯನವರ ಮಗ್ಗದ ಕಾಯಕವನ್ನು ಜಯಂತಿಯಂದು ಕೊಂಡಾಡುವ ನಾವು, ಮದುವೆಯ ಜವಳಿಯ ದಿನ ಮಗ್ಗದವರ ಮಜೂರಿಯನ್ನು ನೆನೆಯುತ್ತೇವೆಯೆ? ನಮ್ಮವರಲ್ಲಿ ಜವಳಿ ಅಂಗಡಿ ಇಟ್ಟವರಿದ್ದಾರೆ, ಮಗ್ಗ ಹಾಕಿಸುವ ಸಾವಕಾರರಿದ್ದಾರೆ, ಸಹಕಾರಿ ಸಂಘಗಳ ನಿರ್ದೇಶಕರಿದ್ದಾರೆ. ದುಡಿದವನ ಪಾಲನ್ನು ಉಳಿಸಿಕೊಂಡು ಮಾಡಿದ ದಾಸೋಹವು ದಾಸೋಹವೆನಿಸದು. ಮಾತು ಕಟುವಾಯಿತೆಂದು ಬಂಧುಗಳು ಬೇಸರಿಸಬಾರದು. ನಮ್ಮನ್ನೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇವೆ.

ನಮಗೆ ತೋಚಿದ ಮೂರು ಮಾತುಗಳಿವೆ. ಮೊದಲನೆಯದು, ಮನೆಯಲ್ಲಿ ಶುಭಕಾರ್ಯವಿದ್ದಾಗ ಒಂದು ಸೀರೆಯನ್ನಾದರೂ ನೇಕಾರರ ಸಂಘದಿಂದ ಅಥವಾ ಮಗ್ಗದ ಮನೆಯಿಂದ ನೇರವಾಗಿ ಕೊಳ್ಳಬೇಕು. ಕೈಮಗ್ಗದ ಮುದ್ರೆಯನ್ನು ನೋಡಿರಿ; ಮೈಯೂ ಸೆರಗೂ ಕೂಡುವಲ್ಲಿ ಕುಣಿಕೆಗಳ ಸಾಲಿದೆಯೆ ಎಂದು ಬೆರಳಾಡಿಸಿ ನೋಡಿರಿ. ಎರಡನೆಯದು, ಸಾವಕಾರರೂ ಅಂಗಡಿಕಾರರೂ ಸೀರೆಯ ಬೆಲೆ ಏರಿಸಿದಾಗ ಮಜೂರಿಯನ್ನೂ ಏರಿಸುವ ವಾಡಿಕೆಯನ್ನು ಹಾಕಿಕೊಳ್ಳಬೇಕು. ಕಂಡಿಕೆ ಸುತ್ತುವ ತಾಯಿಯ ದುಡಿಮೆಗೂ ಆ ಮಜೂರಿಯಲ್ಲಿ ಲೆಕ್ಕವಿರಬೇಕು. ಮೂರನೆಯದು, ಸಹಕಾರ. ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಪತ್ತಿನ ಸಂಘವು ದೇಶದ ಸಹಕಾರ ಚಳವಳಿಗೆ ನಾಂದಿಯಾಯಿತು. ಆ ಕೆಲಸವನ್ನು ಮಾಡಿದ್ದು ಒಂದು ಹಳ್ಳಿ. ಲೆಕ್ಕಪತ್ರ ಶುದ್ಧವಾಗಿರುವ, ನೂಲನ್ನು ಒಟ್ಟಾಗಿ ಕೊಂಡು ಸೀರೆಯನ್ನು ಒಟ್ಟಾಗಿ ಮಾರುವ ಸಂಘವು ಇಂದಿಗೂ ನೇಕಾರನಿಗೆ ದೊಡ್ಡ ಆಸರೆಯಾಗಬಲ್ಲದು.

ನಾವು ಹೊರಟು ನಿಂತಾಗ ಆ ತಾಯಿ ಕೈಯ ಕೆಲಸ ಬಿಟ್ಟು ಎದ್ದು ಚಹ ಮಾಡಿಕೊಟ್ಟರು. ಯಜಮಾನರು ಹಾಸಿನ ಮೇಲಿದ್ದ ಸೀರೆಯನ್ನು ತೋರಿಸಿ, ಇದು ಯಾರದೋ ಮಗಳ ಮದುವೆಗೆ ಹೋಗುತ್ತದೆಂದು ಸಂತೋಷದಿಂದಲೇ ಹೇಳಿದರು. ಆ ಮಗಳು ನಮ್ಮ ಓದುಗರ ಮನೆಯವಳೇ ಆಗಿರಬಹುದು. ದೇಶದ ಬೆಳವಣಿಗೆ ಮಜೂರಿಗೆ ಎಂದು ಮುಟ್ಟುವುದೆಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ದಿಲ್ಲಿ, ಬೆಂಗಳೂರುಗಳು ಕೊಡಬೇಕು. ಉಳಿದರ್ಧವು ಆ ಸೀರೆಯನ್ನು ಮಾರುವ, ಕೊಳ್ಳುವ ನಮ್ಮ ಕೈಯಲ್ಲಿದೆ.