ಅಪ್ಪ ಅಮ್ಮನನ್ನು ರೈಲು ಹತ್ತಿಸುವ ಮುನ್ನ



ಹೋದ ಭಾನುವಾರ ಮಾಲೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ದೂರವಾಣಿ ಮಾಡಿದ್ದ. ಬರುವ ಬೇಸಿಗೆಯಲ್ಲಿ ಅವನ ತಂದೆತಾಯಿ ಮೊದಲ ಬಾರಿಗೆ ಅಲ್ಲಿಗೆ ಹೋಗುತ್ತಿದ್ದಾರೆ. "ಸಾರ್, ನೀವೂ ಅಮ್ಮನೋರೂ ಬಂದು ಹೋದೋರು. ಪ್ಲಾನ್ ಕಳಿಸಿದೀನಿ, ಒಂದ್ಸಲ ನೋಡಿ ಹೇಳಿ" ಎಂದ. ನೋಡಿದೆ. ಆರು ದಿನಗಳಲ್ಲಿ ಮ್ಯೂನಿಕ್, ಬರ್ಲಿನ್, ಹ್ಯಾಂಬರ್ಗ್, ಕಲೋನ್, ಎಲ್ಲವೂ ರೈಲಿನಲ್ಲಿ. ಹತ್ತನೆಯ ತರಗತಿಯಲ್ಲಿ ಅವನು ಭೂಪಟ ತುಂಬುತ್ತಿದ್ದಷ್ಟೇ ಅಚ್ಚುಕಟ್ಟಾದ ಕೋಷ್ಟಕ. ಆದರೆ ಅದರಲ್ಲಿ ಆರು ಕಡೆ ರೈಲು ಬದಲಿಸುವುದಿತ್ತು. ಮೂರು ಕಡೆ ಎರಡು ರೈಲುಗಳ ನಡುವಿನ ಬಿಡುವು ಹತ್ತು ನಿಮಿಷಕ್ಕೂ ಕಡಿಮೆ. ಅವನ ತಂದೆಗೆ ಎಪ್ಪತ್ತು ದಾಟಿದೆ.

ಅವನಿಗೆ ದೂರವಾಣಿಯಲ್ಲಿ ಹೇಳಿದ್ದು ಸಾಲದೆನಿಸಿ, ಹೊರದೇಶಗಳಲ್ಲಿರುವ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೆತ್ತವರ ರೈಲು ಪ್ರಯಾಣವನ್ನು ಯೋಜಿಸುವಾಗ ನೀವು ಟಿಕೆಟ್ ದರವನ್ನೂ ಪ್ರಯಾಣದ ಗಂಟೆಗಳನ್ನೂ ಲೆಕ್ಕ ಹಾಕುತ್ತೀರಿ. ಲೆಕ್ಕ ಹಾಕಬೇಕಾದದ್ದು ಇಳಿದು ಹತ್ತುವ ಸಂಖ್ಯೆಯನ್ನು ಮತ್ತು ಆ ನಡುವಿನ ನಿಮಿಷಗಳನ್ನು. ಇದು ನನ್ನ ಅಭಿಪ್ರಾಯ. ಇದಕ್ಕೆ ಕಾರಣವಾದ ಅನುಭವವನ್ನೂ ಮುಚ್ಚಿಡದೆ ಹೇಳುತ್ತೇನೆ.

ರೈಲು ಬದಲಿಸುವುದು ನನಗೆ ಹೊಸದಲ್ಲ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದ ಎರಡೂವರೆ ಅಡಿ ಅಗಲದ ಹಳಿ ಮುಂದೆ ನಮ್ಮ ಶ್ರೀನಿವಾಸಪುರ, ಚಿಂತಾಮಣಿಗಳನ್ನು ಹಾದು ಹೋಗಿತ್ತು. ನನ್ನ ಬಾಲ್ಯದಲ್ಲಿ ಬೆಂಗಳೂರಿಗೆ ಹೊರಟರೆ ಆ ಪುಟ್ಟ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿ ದೊಡ್ಡ ಗಾಡಿ ಹತ್ತಬೇಕಾಗಿತ್ತು. ಮಾವಿನ ಬುಟ್ಟಿ, ಹಾಸಿಗೆ ಸುರುಳಿ, ಮುದುಕಿ ಅಜ್ಜಿ ಎಲ್ಲರೂ ಒಂದು ಗಾಡಿಯಿಂದ ಇಳಿದು ಇನ್ನೊಂದಕ್ಕೆ ನಡೆದು ಹೋಗುತ್ತಿದ್ದೆವು. ಒಂದು ಗಾಡಿ ತಪ್ಪಿದರೆ ತಂದೆಯವರು ಪ್ಲಾಟ್‌ಫಾರಂ ಮೇಲೆ ಚಿತ್ರಾನ್ನದ ಗಂಟು ಬಿಚ್ಚುತ್ತಿದ್ದರು. ಮುಂದಿನ ಗಾಡಿಗೂ ಅದೇ ಟಿಕೆಟ್ ನಡೆಯುತ್ತಿತ್ತು. ಆ ಹಳಿ ಹೋಗಿ, ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ದೊಡ್ಡ ಹಳಿಯ ಮೇಲೆ ರೈಲು ಓಡತೊಡಗಿದ್ದು 2013ರಲ್ಲಿ. (ನಾನು ಹೆಚ್ಚು ಕಾಲ ಪಾಠ ಹೇಳಿದ ಮುಳಬಾಗಿಲಿಗೆ ಇಂದಿಗೂ ರೈಲಿಲ್ಲ. ಅಲ್ಲಿ ಭಾರತದ ರೈಲು ಮಾರ್ಗಗಳ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ "ನಮ್ಮೂರಿಗೆ ಯಾವಾಗ ಸಾರ್?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತು.)

ಜರ್ಮನಿಯ ಟಿಕೆಟ್‌ಗಳ ಸಂಗತಿ ಬೇರೆ. ನಮ್ಮಲ್ಲಿ ದೂರದ ರೈಲಿಗೆ ಟಿಕೆಟ್ ಎಂದರೆ ಸೀಟು ಅಥವಾ ಬರ್ತು ಎಂದೇ ಭಾವನೆ. ಸಿಗದಿದ್ದರೆ ಆರ್‌ಎಸಿ, ವೇಟಿಂಗ್ ಲಿಸ್ಟ್. ಅಲ್ಲಿ ಟಿಕೆಟ್ ಬೇರೆ, ಸೀಟು ಕಾಯ್ದಿರಿಸುವುದು ಬೇರೆ. ಟಿಕೆಟ್ ಪಡೆದವನು ಸೀಟಿಗಾಗಿ ಪ್ರತ್ಯೇಕ ಹಣ ಕೊಡದಿದ್ದರೆ ನಿಂತು ಹೋಗುವ ಸಂದರ್ಭವೂ ಉಂಟು. ಹೆತ್ತವರಿಗೆ ಸೀಟು ಕಾಯ್ದಿರಿಸದೆ ಹಣ ಉಳಿಸಿದೆ ಎನ್ನುವ ಮಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಬೇಕಾದೀತು. ಇನ್ನು ದರ. ಪೂರ್ಣ ಬೆಲೆಯ ಟಿಕೆಟ್ ಇದ್ದರೆ ಆ ದಿನ ಆ ಮಾರ್ಗದ ಯಾವ ರೈಲನ್ನಾದರೂ ಹತ್ತಬಹುದು. ನಮ್ಮ ತಂದೆಯವರ ಟಿಕೆಟ್ಟಿನ ಹಾಗೆ. ಸ್ಪಾರ್‌ಪ್ರೈಸ್ ಎಂಬ ಅಗ್ಗದ ಟಿಕೆಟ್ ನಿರ್ದಿಷ್ಟ ರೈಲಿಗೆ ಕಟ್ಟುಬಿದ್ದದ್ದು. ರೈಲುಗಳೇ ತಡವಾಗಿ, ಊರು ಸೇರುವುದು 20 ನಿಮಿಷಕ್ಕಿಂತ ವಿಳಂಬವಾಗುವಂತಿದ್ದರೆ ಆ ಕಟ್ಟು ಸಡಿಲಿ ಬೇರೆ ರೈಲಿನಲ್ಲಿ ಹೋಗಬಹುದು. ನಮ್ಮ ಕಾಲು ತಡವಾದರೆ ಸಡಿಲುವುದಿಲ್ಲ. ಅಂದರೆ ಆ ಅಗ್ಗದ ದರಕ್ಕೆ ನಾವು ಬಿಟ್ಟುಕೊಡುವುದು ನಿಧಾನವಾಗಿ ನಡೆಯುವ ಅನುಕೂಲವನ್ನು. ಮೂವತ್ತು ವರ್ಷದವರಿಗೆ ಅದರಿಂದ ನಷ್ಟವಿಲ್ಲ.

2023ರ ಮೇ ತಿಂಗಳಲ್ಲಿ ನಾವು ಫ್ರಾಂಕ್‌ಫರ್ಟಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ರಜೆ ಕಡಿಮೆ, ತೋರಿಸುವ ಆಸೆ ಹೆಚ್ಚು. ಬರ್ಲಿನ್‌ಗೆ ಹೋಗಿ ಅಲ್ಲಿಂದ ಮ್ಯೂನಿಕ್‌ಗೆ, ಮ್ಯೂನಿಕ್‌ನಿಂದ ಮನೆಗೆ, ಎರಡು ದಿನ ಬಿಟ್ಟು ಕಲೋನ್‌ಗೆ ಎಂದು ಏರ್ಪಾಟು. ಬರ್ಲಿನ್‌ವರೆಗೆ ಸುಖವಾಗಿಯೇ ಹೋದೆವು. ಅಲ್ಲಿಯ ಮುಖ್ಯ ನಿಲ್ದಾಣ 2006ರಲ್ಲಿ ಆರಂಭವಾದದ್ದು. ಪೂರ್ವ ಪಶ್ಚಿಮದ ರೈಲುಗಳು ಮೇಲಿನ ಅಂತಸ್ತಿನಲ್ಲಿ, ಉತ್ತರ ದಕ್ಷಿಣದವು ನೆಲದಡಿಯಲ್ಲಿ. ನಾನು ಶಾಲಾ ಹುಡುಗನಂತೆ ಮೇಲೆ ಕೆಳಗೆ ಓಡಾಡಿ ನೋಡಿದೆ. ನನ್ನಾಕೆ ಮಂಡಿನೋವಿನಿಂದ ಒಂದೆಡೆ ಕುಳಿತಿದ್ದಳು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಬರ್ಲಿನ್‌ನಿಂದ ಮ್ಯೂನಿಕ್‌ಗೆ ನೇರ ರೈಲುಗಳಿವೆ. 2017ರ ಡಿಸೆಂಬರಿನಲ್ಲಿ ಹೊಸ ಮಾರ್ಗ ಪೂರ್ಣಗೊಂಡ ಮೇಲೆ ಅವುಗಳಲ್ಲಿ ಅತಿ ವೇಗದವು ನಾಲ್ಕು ಗಂಟೆಯೊಳಗೆ ಮುಟ್ಟಿಸುತ್ತವೆ. ಆದರೆ ನಾವು ಟಿಕೆಟ್ ಕೊಂಡ ದಿನ ನೇರ ರೈಲಿನ ಅಗ್ಗದ ಸೀಟುಗಳು ಮುಗಿದಿದ್ದವು. ನಡುವೆ ಒಂದು ಊರಿನಲ್ಲಿ ಬದಲಿಸುವ ಟಿಕೆಟ್ ಅಗ್ಗವಾಗಿತ್ತು. ಬಿಡುವು ಎಂಟು ನಿಮಿಷ. "ಸಾಕಾಗತ್ತಪ್ಪ, ನಾನು ದಿನಾ ಮಾಡ್ತೀನಿ" ಎಂದಳು ಮಗಳು. ನಾನೂ ತಲೆಯಾಡಿಸಿದೆ.

ರೈಲು ಸರಿಯಾದ ವೇಳೆಗೇ ಬಂತು. ಲಿಫ್ಟ್ ಪ್ಲಾಟ್‌ಫಾರಂನ ಇನ್ನೊಂದು ತುದಿಯಲ್ಲಿತ್ತು. ಮಗಳು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಮುಂದೆ ಓಡಿದಳು. ನಾನು ಇಬ್ಬರ ನಡುವೆ, ಯಾರ ಜೊತೆ ಹೋಗಲೆಂದು ತಿಳಿಯದೆ. ನಾವು ಮೇಲೆ ಬರುವಷ್ಟರಲ್ಲಿ ಬಾಗಿಲುಗಳು ಮುಚ್ಚಿದ್ದವು. ನನ್ನಾಕೆ ಬೆಂಚಿನ ಮೇಲೆ ಕುಳಿತು, "ನನ್ನ ಕರ್ಕೊಂಡು ಬರಬಾರದಾಗಿತ್ತು ಕಣ್ರೀ" ಎಂದಳು. ಮಗಳು ಆಯಾಸದಲ್ಲಿ, "ಸ್ವಲ್ಪ ಬೇಗ ನಡೆದಿದ್ರೆ ಆಗ್ತಿತ್ತಮ್ಮ" ಎಂದುಬಿಟ್ಟಳು. ಹೊಸ ಟಿಕೆಟ್‌ಗಳಿಗೆ ಉಳಿತಾಯಕ್ಕಿಂತ ಹೆಚ್ಚು ಹಣ ಹೋಯಿತು, ಅದು ಹೋಗಲಿ. ಫ್ರಾಂಕ್‌ಫರ್ಟಿಗೆ ಮರಳಿದ ಮೇಲೆ ನನ್ನಾಕೆ ಎಲ್ಲಿಗೂ ಹೊರಡಲಿಲ್ಲ. "ನೀವು ಹೋಗಿ ಬನ್ನಿ" ಎಂಬ ಒಂದೇ ಮಾತು. ಕಲೋನ್ ಅಲ್ಲಿಂದ ಒಂದು ಗಂಟೆಯ ದಾರಿ, ನೇರ ರೈಲು, ಅದಕ್ಕೂ ಬರಲಿಲ್ಲ. ಒಂದು ರಾತ್ರಿ ಅಡುಗೆಮನೆಯಲ್ಲಿ ಮಗಳು ಒಬ್ಬಳೇ ಅಳುತ್ತಿದ್ದುದನ್ನು ನಾನು ನೋಡಿದೆ. ತಪ್ಪು ಅವಳೊಬ್ಬಳದಲ್ಲ. ನಲವತ್ತು ವರ್ಷ ಜೊತೆಗಿದ್ದ ನನಗೆ ಆ ಮಂಡಿಗಳ ವೇಗ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ತಿಳಿಯಿತು: ಅಲ್ಲಿಯ ರೈಲ್ವೆಯ ಮೊಬೈಲ್ ಆ್ಯಪ್‌ನಲ್ಲಿ ರೈಲು ಬದಲಿಸಲು ಕನಿಷ್ಠ ಎಷ್ಟು ನಿಮಿಷ ಬೇಕೆಂದು ನಾವೇ ಹೇಳುವ ಅವಕಾಶವಿದೆ. ಹಾಗೆ ಹೇಳಿದರೆ ಎಂಟು ನಿಮಿಷದ ಆಯ್ಕೆ ಕಣ್ಣಿಗೇ ಬೀಳುವುದಿಲ್ಲ. ಆರೋಗ್ಯವಂತರಿಗೂ ಇದು ಬೇಕಾದದ್ದೇ. 2024ರಲ್ಲಿ ಅಲ್ಲಿಯ ದೂರ ಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದವು ನೂರಕ್ಕೆ 62ರಷ್ಟು ಮಾತ್ರ. ಅದೂ ಆರು ನಿಮಿಷದೊಳಗಿನ ವಿಳಂಬವನ್ನು ಲೆಕ್ಕಕ್ಕೆ ಹಿಡಿಯದೆ. ದುರಸ್ತಿಗಾಗಿ ಇಡೀ ಮಾರ್ಗವನ್ನೇ ತಿಂಗಳುಗಟ್ಟಲೆ ಮುಚ್ಚುವ ಪದ್ಧತಿಯೂ ಈಗ ಬಂದಿದೆ. ಫ್ರಾಂಕ್‌ಫರ್ಟ್ ಮ್ಯಾನ್‌ಹೈಮ್ ನಡುವಿನ ಮಾರ್ಗವನ್ನು 2024ರ ಜುಲೈನಿಂದ ಡಿಸೆಂಬರ್‌ವರೆಗೆ ಮುಚ್ಚಿದ್ದರು. 2025ರ ಆಗಸ್ಟಿನಲ್ಲಿ ಬರ್ಲಿನ್ ಹ್ಯಾಂಬರ್ಗ್ ಮಾರ್ಗ ಮುಚ್ಚಿದಾಗ ರೈಲುಗಳು ಸುತ್ತುದಾರಿ ಹಿಡಿದು ಮುಕ್ಕಾಲು ಗಂಟೆ ಹೆಚ್ಚು ತೆಗೆದುಕೊಂಡವು. ಹಳೆಯ ಪ್ರವಾಸ ಲೇಖನ ನೋಡಿ ಯೋಜನೆ ಹಾಕಿದರೆ ಇವೆಲ್ಲ ತಿಳಿಯುವುದಿಲ್ಲ.

ನಿಲ್ದಾಣದ ಹೆಸರನ್ನೂ ಪೂರ್ತಿ ಓದಿ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಎರಡಿವೆ, ಒಂದು ಮೈನ್ ನದಿಯ ಮೇಲೆ, ಇನ್ನೊಂದು ಪೋಲೆಂಡ್ ಗಡಿಯಲ್ಲಿ ಓಡರ್ ನದಿಯ ಮೇಲೆ. ನಗುವ ಅಗತ್ಯವಿಲ್ಲ, ನಮ್ಮ ಕೋಲಾರದವರೇ ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್‌ನಿಂದ ಹೊರಡುವ ರೈಲಿಗೆ ಮೆಜೆಸ್ಟಿಕ್‌ನಲ್ಲಿ ಕಾಯುತ್ತ ನಿಂತದ್ದುಂಟು.

"ಸಾರ್, ಪೂರ್ತಿ ರೇಟ್ ಕೊಟ್ಟರೆ ಬಜೆಟ್ ಮೀರತ್ತೆ" ಎಂದು ನನ್ನ ಶಿಷ್ಯ ವಾದಿಸಿದ. ಅವನ ಮಾತಿನಲ್ಲಿ ಹುರುಳಿದೆ. ದರದ ವ್ಯತ್ಯಾಸ ಸಣ್ಣದಲ್ಲ. ಆದರೆ ನೇರ ರೈಲಿಗೂ ಅಗ್ಗದ ಟಿಕೆಟ್ ಉಂಟು, ಮುಂಚಿತವಾಗಿ ಕೊಳ್ಳಬೇಕು ಅಷ್ಟೆ. ನಮ್ಮ ದೇಶದಲ್ಲಿ 2024ರ ನವೆಂಬರಿನಿಂದ 60 ದಿನ ಮೊದಲು ಮಾತ್ರ ಕಾಯ್ದಿರಿಸಲು ಸಾಧ್ಯ. ಅಲ್ಲಿ ತಿಂಗಳುಗಳ ಮೊದಲೇ ಸಾಧ್ಯ. ನಾವು ತಡಮಾಡುವುದು ವೀಸಾ ವಿಷಯದಲ್ಲಿ. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಲು ಬರುತ್ತದೆ. ನಾವು ಮದುವೆ, ನಾಮಕರಣ, ಮಾವಿನ ಸುಗ್ಗಿ ಎಂದು ಕಾದು ಆರು ವಾರ ಉಳಿದಾಗ ಹಾಕುತ್ತೇವೆ. ಬಜೆಟ್ ಕೆಡುವುದು ಅಲ್ಲಿ. ಇನ್ನೊಬ್ಬ ಶಿಷ್ಯೆ ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಸೂಚಿಸಿದಳು. 2023ರಲ್ಲಿ 49 ಯೂರೋ ಇದ್ದದ್ದು 2026ರ ಜನವರಿಯಲ್ಲಿ 63 ಆಗಿದೆ, ಆದರೂ ಅಗ್ಗವೇ. ಆದರೆ ಅದು ವೇಗದ ದೂರ ರೈಲುಗಳಿಗೆ ನಡೆಯದು. ದೊಡ್ಡ ನಗರಗಳ ನಡುವೆ ಹೋಗಲು ಮತ್ತೆ ಮತ್ತೆ ಇಳಿದು ಹತ್ತಬೇಕು. ಊರೊಳಗೆ ಸುತ್ತಲು ಅದು ಇರಲಿ.

ಊರುಗಳ ಸಂಖ್ಯೆಯ ವಿಷಯದಲ್ಲಂತೂ ನಾನು ರಾಜಿಯಾಗಲಾರೆ. ಆರು ದಿನಕ್ಕೆ ಎರಡು ಊರು ಸಾಕು. ಮತ್ತು ಆ ಪಟ್ಟಿಯನ್ನು ಟಿಕೆಟ್ ಕೊಳ್ಳುವ ಮೊದಲು ನಿಮ್ಮ ತಾಯಿಗೆ ಕನ್ನಡದಲ್ಲಿ ಓದಿ ಹೇಳಿ. ನಮ್ಮ ಮನೆಯಲ್ಲಿ ಆ ಕೋಷ್ಟಕವನ್ನು ಮಗಳು ನೋಡಿದಳು, ನಾನು ನೋಡಿದೆ. ನಡೆಯಬೇಕಾದವಳನ್ನು ಯಾರೂ ಕೇಳಲಿಲ್ಲ.

ಶಿಷ್ಯನ ಕೋಷ್ಟಕವನ್ನು ಮುದ್ರಿಸಿ ಈ ಬಾರಿ ನನ್ನಾಕೆಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಏಳು ನಿಮಿಷ ಎಂದಿದ್ದ ಕಡೆ ಪೆನ್ಸಿಲಿನಿಂದ ಸುತ್ತು ಹಾಕಿ, "ಇಲ್ಲಿ ಆಯಮ್ಮ ಕೂತ್ಕೊಳ್ಳೋಕೆ ಬೆಂಚ್ ಇದ್ಯಾ ಕೇಳ್ರಿ" ಎಂದಳು. ಅವನಿಗೆ ಹಾಗೆಯೇ ತಿಳಿಸಿದೆ. ಹ್ಯಾಂಬರ್ಗ್ ಕೈಬಿಟ್ಟಿದ್ದಾನೆ. ಕಲೋನ್ ಬಗ್ಗೆ ನಮ್ಮಿಬ್ಬರ ವಾದ ಇನ್ನೂ ನಡೆದಿದೆ.