ಪರದೇಶಕ್ಕೆ ಹೋಗುವ ಶಿಕ್ಷಕಿ, ಗಂಗಾಪುರದಲ್ಲಿ ಉಳಿಯುವ ಮಕ್ಕಳು

ಗಂಗಾಪುರ ಎಂದ ಕೂಡಲೇ ಹೆಚ್ಚಿನ ಕನ್ನಡಿಗರಿಗೆ ನೆನಪಾಗುವುದು ಅಫಜಲಪುರ ತಾಲೂಕಿನ ದತ್ತಕ್ಷೇತ್ರ ಗಾಣಗಾಪುರ. ಆದರೆ ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್ನೆರಡು ಗಂಗಾಪುರಗಳ ಪರಿಚಯವಿದೆ. ಒಂದು ನಾಸಿಕ್ ನಗರದ ಪಶ್ಚಿಮಕ್ಕೆ, ಅಣೆಕಟ್ಟಿನಿಂದ ಹೆಸರಾದ ಗಂಗಾಪುರ. ಇನ್ನೊಂದು, 2023ರಲ್ಲಿ ಔರಂಗಾಬಾದ್ ಎಂಬ ಹೆಸರು ಬದಲಾಗಿ ಛತ್ರಪತಿ ಸಂಭಾಜಿನಗರವಾದ ಜಿಲ್ಲೆಯ ತಾಲೂಕು ಕೇಂದ್ರ. ಎರಡೂ ಗೋದಾವರಿಯ ಸೀಮೆಗಳೇ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಹೇಳಿದ್ದನ್ನು ಹೊರನಾಡಿನ ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲೂ ಒಬ್ಬರಾದರೂ ನೆನಪಿಸುತ್ತಾರೆ. ಇಂದು ಈ ನದಿಯ ಸೀಮೆಯಲ್ಲಿ ಕನ್ನಡ ಕೇಳಿಬರುವುದು ದುಡಿಮೆಯನ್ನು ಅರಸಿ ಬಂದವರ ಮನೆಗಳಲ್ಲಿ. ಹೋಟೆಲ್ ಉದ್ಯಮ, ಬ್ಯಾಂಕು, ಕಾರ್ಖಾನೆ, ಸರಕಾರಿ ನೌಕರಿ ಎಂದು ಬಂದು ಬೇರೂರಿದ ಕುಟುಂಬಗಳವು.

ಇಂಥ ಕುಟುಂಬಗಳ ಎರಡನೆಯ ತಲೆಮಾರಿನ ಹೆಣ್ಣುಮಕ್ಕಳಿಗೆ ಶಿಕ್ಷಕ ವೃತ್ತಿ ಅಚ್ಚುಮೆಚ್ಚು. ಡಿ.ಎಡ್. ಅಥವಾ ಬಿ.ಎಡ್. ಮುಗಿಸಿ, ಊರಿನ ಶಾಲೆಯೊಂದರಲ್ಲಿ ಕೆಲವು ವರ್ಷ ಪಾಠ ಮಾಡಿ, ಅನಂತರ ಕೊಲ್ಲಿ ರಾಷ್ಟ್ರಗಳ ಇಲ್ಲವೇ ಆಗ್ನೇಯ ಏಷ್ಯಾದ ಅಂತಾರಾಷ್ಟ್ರೀಯ ಶಾಲೆಗಳ ಪ್ರಾಥಮಿಕ ವಿಭಾಗಕ್ಕೆ ಹೋಗುವುದು ಈಗ ಅಪರೂಪದ ಸಂಗತಿಯೇನಲ್ಲ. ಹೋಗುವ ಮುನ್ನ ಸಂಘದ ವಾರ್ಷಿಕೋತ್ಸವದಲ್ಲಿ ಆಕೆಗೆ ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸಲಾಗುತ್ತದೆ. ‘ವಿದೇಶದಲ್ಲೂ ಕನ್ನಡದ ಕೀರ್ತಿ ಬೆಳಗಲಿ’ ಎಂದು ಅತಿಥಿಗಳು ಹರಸುತ್ತಾರೆ. ಗೌರವ ಸಲ್ಲಬೇಕಾದದ್ದೇ. ಆದರೆ ಆಕೆ ಅಲ್ಲಿ ಮಾಡುವ ಕೆಲಸವೇನು, ಆ ಕೆಲಸದಿಂದ ಸಂಘ ಕಲಿಯಬೇಕಾದದ್ದೇನು ಎಂಬ ಪ್ರಶ್ನೆ ಮಾತ್ರ ಆ ವೇದಿಕೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಅಂತಾರಾಷ್ಟ್ರೀಯ ಶಾಲೆ ಎಂಬ ಕಲ್ಪನೆ ಹೊಸತಲ್ಲ. ರಾಷ್ಟ್ರಸಂಘ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಜಿನೀವಾದಲ್ಲಿ ಇಂಥ ಶಾಲೆಯೊಂದು ತೆರೆಯಿತು. ದೇಶದಿಂದ ದೇಶಕ್ಕೆ ವರ್ಗವಾಗುವವರ ಮಕ್ಕಳಿಗೆ ಎಲ್ಲೆಡೆ ಸಲ್ಲುವ ಪರೀಕ್ಷೆ ಬೇಕೆಂಬ ಚಿಂತನೆಯಿಂದ 1968ರಲ್ಲಿ ಅದೇ ಊರಿನಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಅಂದರೆ ಐಬಿ ಸಂಸ್ಥೆ ಹುಟ್ಟಿತು. ಅದರ ಪ್ರಾಥಮಿಕ ಕಾರ್ಯಕ್ರಮ 1997ರಿಂದ ಜಾರಿಯಲ್ಲಿದೆ. 3ರಿಂದ 12 ವರ್ಷದ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಅಲ್ಲಿ ವಿಷಯಗಳನ್ನು ತುಂಡು ತುಂಡಾಗಿ ಕಲಿಸುವ ಪದ್ಧತಿಯಿಲ್ಲ. ‘ನಾವು ಯಾರು’, ‘ಭೂಮಿಯನ್ನು ಹಂಚಿಕೊಳ್ಳುವುದು’ ಎಂಬಂಥ ಆರು ದೊಡ್ಡ ವಿಷಯಗಳ ಸುತ್ತ ಗಣಿತ, ವಿಜ್ಞಾನ, ಭಾಷೆ, ಚಿತ್ರಕಲೆ ಎಲ್ಲವನ್ನೂ ಹೆಣೆಯಲಾಗುತ್ತದೆ. ಏಳನೆಯ ವಯಸ್ಸಿನ ಹೊತ್ತಿಗಾದರೂ ಪ್ರತಿ ಮಗುವಿಗೆ ಒಂದಕ್ಕಿಂತ ಹೆಚ್ಚು ಭಾಷೆ ಕಲಿಯುವ ಅವಕಾಶ ಇರಲೇಬೇಕೆಂಬುದು ಅದರ ನಿಯಮ.

ಹಲಗೆಯ ಮೇಲೆ ‘ಇಂಟರ್‌ನ್ಯಾಷನಲ್’ ಎಂದು ಬರೆಸಿಕೊಂಡ ಶಾಲೆಗಳೆಲ್ಲ ಇಂಥವೇನಲ್ಲ ಎಂಬುದೂ ನಿಜ. ಭಾರತದಲ್ಲಿ ಆ ಹೆಸರಿನ ಅನೇಕ ಶಾಲೆಗಳು ಸಿಬಿಎಸ್‌ಇ ಪಠ್ಯವನ್ನೇ ಕಲಿಸುತ್ತವೆ. ಕೊಲ್ಲಿಯಲ್ಲೂ ಭಾರತೀಯ ಪಠ್ಯದ ಶಾಲೆ, ಬ್ರಿಟಿಷ್ ಪಠ್ಯದ ಶಾಲೆ, ಐಬಿ ಶಾಲೆ ಎಂದು ಬಗೆಬಗೆ ಇವೆ. ಶುಲ್ಕವೂ, ಶಿಕ್ಷಕರ ಸಂಬಳವೂ ಅದಕ್ಕೆ ತಕ್ಕಂತೆ ಬದಲಾಗುತ್ತವೆ. ಆದರೂ ಯಾವ ಬಗೆಯದಾದರೂ ಸರಿ, ಹಲವು ದೇಶಗಳ ಮಕ್ಕಳು ಕೂಡಿ ಕೂರುವ ಒಂದನೆಯ ಅಥವಾ ಎರಡನೆಯ ತರಗತಿಗೆ ಹೊಸದಾಗಿ ಕಾಲಿಟ್ಟ ಶಿಕ್ಷಕಿಗೆ ಮೊದಲ ವಾರವೇ ಎದುರಾಗುವ ಕಷ್ಟ ಒಂದೇ. ಹಿಂದಿನ ಬೆಂಚಿನಲ್ಲಿ ಒಂದು ಮಗು ಮಾತೇ ಆಡದೆ ಕುಳಿತಿರುತ್ತದೆ.

ಆ ಮಗು ಕೊರಿಯಾದ್ದಿರಬಹುದು, ಈಜಿಪ್ಟಿನದ್ದಿರಬಹುದು, ಕೇರಳದ್ದೂ ಇರಬಹುದು. ಅದಕ್ಕೆ ಬುದ್ಧಿಯಿದೆ, ಇಂಗ್ಲಿಷ್ ಇಲ್ಲ. ಅನುಭವಿ ಶಿಕ್ಷಕರು ಇಂಥ ಮಗುವನ್ನು ಗದರಿಸುವುದಿಲ್ಲ, ‘ಮಾತಾಡು ಮಾತಾಡು’ ಎಂದು ಕಾಡುವುದೂ ಇಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಕೇಳಿಸಿಕೊಳ್ಳುತ್ತಲೇ ಇರುವುದು ಸಹಜವೆಂದು ಅವರಿಗೆ ಗೊತ್ತು. ಅದಕ್ಕೆ ಚಿತ್ರ ಬರೆಯಲು ಕೊಡುತ್ತಾರೆ. ಅದರದೇ ಭಾಷೆಯಲ್ಲಿ ಎರಡು ಸಾಲು ಬರೆದು ತರಲು ಹೇಳುತ್ತಾರೆ. ನೀರು, ಅಮ್ಮ, ಮನೆ ಎಂಬ ಪದಗಳನ್ನು ತರಗತಿಯ ಎಲ್ಲ ಮಕ್ಕಳ ಭಾಷೆಗಳಲ್ಲಿ ಬರೆಸಿ ಗೋಡೆಗೆ ಅಂಟಿಸುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಎಂದು ಪಾಲಕರಿಗೆ ಹೇಳುವ ಬದಲು, ಮನೆಯ ಭಾಷೆಯಲ್ಲೇ ಕಥೆ ಹೇಳಿ, ಮಲಗುವ ಮುನ್ನ ಪುಸ್ತಕ ಓದಿ ಎಂದು ಸಲಹೆ ಕೊಡುತ್ತಾರೆ.

ಇದು ಬರೀ ಪ್ರೀತಿಯ ಮಾತಲ್ಲ, ಹಿಂದೆ ಶಾಸ್ತ್ರವೂ ಇದೆ. ಹೊಸ ಭಾಷೆಯಲ್ಲಿ ಆಟದ ಮೈದಾನದ ಮಾತುಕತೆ ಸುಮಾರು 2 ವರ್ಷಗಳಲ್ಲಿ ಒಲಿಯುತ್ತದೆ, ಆದರೆ ಪಾಠದ ಭಾಷೆ, ಅಂದರೆ ಕಾರಣ ಹೇಳುವ, ಹೋಲಿಸುವ, ವಾದಿಸುವ ಭಾಷೆ ಕೈಗೂಡಲು 5ರಿಂದ 7 ವರ್ಷ ಬೇಕು ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿದ್ದಾರೆ. ಮನೆಯ ಭಾಷೆಯಲ್ಲಿ ಓದು, ಆಲೋಚನೆ ಗಟ್ಟಿಯಾಗಿದ್ದರೆ ಅದು ಎರಡನೆಯ ಭಾಷೆಗೂ ಆಧಾರವಾಗುತ್ತದೆ ಎಂಬುದು ಅವರ ವಾದದ ತಿರುಳು. ಮಗುವಿಗೆ ಮೊದಲ ಕಲಿಕೆ ತಾಯ್ನುಡಿಯಲ್ಲಿ ಸಿಗುವುದೇ ಒಳ್ಳೆಯದೆಂದು ಯುನೆಸ್ಕೋ 1953ರಲ್ಲೇ ಹೇಳಿತ್ತು. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದೆಡೆ 5ನೇ ತರಗತಿಯವರೆಗಾದರೂ ಮನೆಯ ಭಾಷೆಯೇ ಮಾಧ್ಯಮವಾಗಿರಲಿ ಎನ್ನುತ್ತದೆ.

ಈ ಕೆಲಸಕ್ಕೆ ಗಂಗಾಪುರದ ಕನ್ನಡ ಮನೆಯ ಹೆಣ್ಣುಮಗಳು ಹೇಳಿ ಮಾಡಿಸಿದಂತಿರುತ್ತಾಳೆ. ಏಕೆಂದರೆ ಆ ಹಿಂದಿನ ಬೆಂಚಿನ ಮೌನಿ ಮಗು ಒಂದು ಕಾಲಕ್ಕೆ ಆಕೆಯೇ. ಮನೆಯಲ್ಲಿ ಕನ್ನಡ ಅಥವಾ ತುಳು, ಓಣಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ನಾಲ್ಕು ಭಾಷೆಗಳ ನಡುವೆ ದಾರಿ ಹುಡುಕಿಕೊಂಡು ಬೆಳೆದವಳು. ಅರ್ಥವಾದರೂ ಉತ್ತರ ಬಾಯಿಗೆ ಬಾರದ ಸಂಕಟ ಆಕೆಗೆ ಯಾರೂ ವಿವರಿಸಬೇಕಾಗಿಲ್ಲ. ಹೊರನಾಡಿನಲ್ಲಿ ಬೆಳೆದುದು ಕೊರತೆ ಎಂದು ಆಕೆ ಭಾವಿಸಿದ್ದರೆ, ಪರದೇಶದ ತರಗತಿಯಲ್ಲಿ ಅದೇ ಆಕೆಯ ಬಂಡವಾಳವಾಗುತ್ತದೆ.

ಇಷ್ಟೆಲ್ಲ ಸರಿ. ಆದರೆ ಅದೇ ಶಿಕ್ಷಕಿ ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ಕಾಣುವುದೇನು? ಅಣ್ಣನ ಮಗ ಅಜ್ಜಿಯ ಕನ್ನಡ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಅಕ್ಕನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಅಕ್ಷರ ಗೊತ್ತಿಲ್ಲ. ಮಂಗಳೂರಿನಿಂದಲೋ ವಿಜಯಪುರದಿಂದಲೋ ಬಂದ ಮದುವೆಯ ಕರೆಯೋಲೆಯನ್ನು ಆ ಮಕ್ಕಳು ಓದಲಾರರು. ದೂರದ ದೇಶದಲ್ಲಿ ಕೊರಿಯಾದ ಮಗುವಿಗೆ ‘ನಿನ್ನ ಮನೆಯ ಭಾಷೆಯನ್ನು ಬಿಡಬೇಡ’ ಎಂದು ಹೇಳಿಕೊಡುವ ಕನ್ನಡತಿಯ ಸ್ವಂತ ಮನೆಯಲ್ಲೇ ಮಕ್ಕಳಿಗೆ ಆ ಮಾತು ಹೇಳುವವರಿಲ್ಲ. ಇದು ಆ ಶಿಕ್ಷಕಿಯ ತಪ್ಪಲ್ಲ, ಪಾಲಕರೊಬ್ಬರ ತಪ್ಪೂ ಅಲ್ಲ. ಪಾಲಕರಿಗೆ ಹೊತ್ತಿಲ್ಲ, ಶಾಲೆಗೆ ಅದರ ಹೊಣೆಯಿಲ್ಲ. ಉಳಿಯುವುದು ಸಂಘ ಮಾತ್ರ.

‘ಮಕ್ಕಳಿಗೆ ಈಗಲೇ ಮೂರು ಭಾಷೆಗಳ ಹೊರೆ, ನಾಲ್ಕನೆಯದು ಯಾಕೆ’ ಎಂಬುದು ಪಾಲಕರ ಸಾಮಾನ್ಯ ಆಕ್ಷೇಪ. ಇದರಲ್ಲಿ ಹುರುಳಿಲ್ಲವೆಂದಲ್ಲ. ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಸುವುದನ್ನು 2020ರ ಕಾಯ್ದೆ ಕಡ್ಡಾಯಗೊಳಿಸಿದೆ. ಅದು ನ್ಯಾಯವೂ ಹೌದು, ಅನ್ನ ಕೊಟ್ಟ ನೆಲದ ಭಾಷೆಯನ್ನು ಕಲಿಯುವುದು ಹೊರನಾಡ ಕನ್ನಡಿಗರ ಸಂಸ್ಕಾರ. ಆದರೆ ದುಬೈಯ ಕನ್ನಡ ಮಕ್ಕಳ ಹೊರೆ ಇದಕ್ಕಿಂತ ಹಗುರವೇ? ಅಲ್ಲಿನ ಖಾಸಗಿ ಶಾಲೆಗಳಲ್ಲಿ ಅರಬರಲ್ಲದ ಮಕ್ಕಳೂ ಅರಬ್ಬಿಯನ್ನು ಕಡ್ಡಾಯವಾಗಿ ಕಲಿಯಬೇಕು. ಅದರ ಮೇಲೆ ಇಂಗ್ಲಿಷ್, ಹಿಂದಿ. ಆದರೂ ಕನ್ನಡ ಮಿತ್ರರು ಯುಎಇ ಸಂಘಟನೆ 2014ರಲ್ಲಿ ದುಬೈಯಲ್ಲಿ ಕನ್ನಡ ಪಾಠಶಾಲೆ ಆರಂಭಿಸಿ, ವಾರದ ರಜೆಯಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಓದು ಬರಹ ಕಲಿಸುತ್ತ ಬಂದಿದೆ. ಕಲಿಸುವವರು ಸ್ವಯಂಸೇವಕ ಶಿಕ್ಷಕಿಯರು. ಸಮುದ್ರದಾಚೆ ಸಾಧ್ಯವಾದದ್ದು ಗೋದಾವರಿಯ ದಂಡೆಯಲ್ಲಿ ಏಕೆ ಸಾಧ್ಯವಾಗಬಾರದು?

ಸೌಕರ್ಯಗಳ ವಿಷಯಕ್ಕೆ ಬಂದರೆ ಮಹಾರಾಷ್ಟ್ರದ ಕನ್ನಡಿಗರು ದುಬೈಯವರಿಗಿಂತ ಭಾಗ್ಯವಂತರು. 1967ರಲ್ಲಿ ಸ್ಥಾಪನೆಯಾದ, ಪುಣೆಯಲ್ಲಿರುವ ರಾಜ್ಯ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ ಮರಾಠಿ, ಉರ್ದು, ಗುಜರಾತಿಗಳಂತೆ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಓದುವುದು ಅವನ್ನೇ. ಒಂದನೆಯ ತರಗತಿಯ ಪುಸ್ತಕ ಹತ್ತು ಪ್ರತಿ ತಂದರೆ ಒಂದು ವರ್ಗ ಆರಂಭವಾದಂತೆ. ಪುಣೆಯ ಕನ್ನಡ ಸಂಘ, ಮುಂಬಯಿಯ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಸಂಸ್ಥೆಗಳು ಹಿರಿಯರ ದೂರದೃಷ್ಟಿಯಿಂದ ಶಾಲೆಗಳನ್ನೇ ಕಟ್ಟಿ ನಡೆಸಿವೆ. ನಾಸಿಕ್, ಸಂಭಾಜಿನಗರಗಳಂಥ ಊರುಗಳಲ್ಲಿ ಶಾಲೆ ಕಟ್ಟುವಷ್ಟು ಸಂಖ್ಯೆಯೂ ಹಣವೂ ಇಲ್ಲದಿರಬಹುದು. ರವಿವಾರದ ಒಂದು ಗಂಟೆಗೆ ಕಟ್ಟಡವೂ ಬೇಡ, ಅನುದಾನವೂ ಬೇಡ. ಯಾರದಾದರೂ ಮನೆಯ ಹಾಲ್ ಸಾಕು.

ಬೇಕಾದದ್ದು ಕಲಿಸುವ ಹದ. ಅ, ಆ, ಇ, ಈಯನ್ನು ನೂರು ಸಲ ತಿದ್ದಿಸಿದರೆ ಇಂದಿನ ಮಗು ಮೂರನೆಯ ವಾರಕ್ಕೆ ಬರುವುದಿಲ್ಲ. ಇಲ್ಲೇ ಪರದೇಶದ ಶಿಕ್ಷಕಿಯ ಅನುಭವ ಸಂಘಕ್ಕೆ ಬೆಲೆಬಾಳುವುದು. ಭಾಷೆ ಬಾರದ ಆರು ವರ್ಷದ ಮಗುವನ್ನು ಹೇಗೆ ಮಾತಿಗೆ ಎಳೆಯಬೇಕು, ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸಿ ಅಕ್ಷರ ಹೇಗೆ ಕಲಿಸಬೇಕು, ಅಜ್ಜನನ್ನು ಕೂರಿಸಿ ಊರಿನ ಕಥೆಯನ್ನು ಮಗುವಿನಿಂದ ಹೇಗೆ ಬರೆಸಬೇಕು ಎಂಬುದು ಆಕೆಯ ನಿತ್ಯದ ಕಸುಬು. ಕೊಲ್ಲಿಯ ಬಹುತೇಕ ಶಾಲೆಗಳಿಗೆ ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ ಬೇಸಿಗೆ ರಜೆ. ಆಕೆ ಊರಿಗೆ ಬರುವುದೂ ಆಗಲೇ. ಆ ಕೆಲವು ವಾರಗಳಲ್ಲಿ ಸಂಘದ ನಾಲ್ಕೈದು ಗೃಹಿಣಿಯರಿಗೆ, ನಿವೃತ್ತ ಶಿಕ್ಷಕರಿಗೆ ಆಕೆ ಎರಡು ರವಿವಾರ ಕುಳಿತು ಕಲಿಸುವ ಬಗೆ ಹೇಳಿಕೊಟ್ಟರೆ ಸಾಕು, ವರ್ಷವಿಡೀ ವರ್ಗ ನಡೆಸಲು ಧೈರ್ಯ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಸಂದೇಹ ಬಂದರೆ ವಿಡಿಯೊ ಕರೆ ಇದ್ದೇ ಇದೆ.

ಸಂಘದ ಪದಾಧಿಕಾರಿಗಳು ಇಲ್ಲಿ ಒಂದು ಆಸೆಯನ್ನು ಮಾತ್ರ ಬಿಡಬೇಕಾಗುತ್ತದೆ. ವರ್ಗ ಶುರುವಾದ ತಿಂಗಳಲ್ಲೇ ಮಕ್ಕಳನ್ನು ವೇದಿಕೆ ಹತ್ತಿಸಿ ಭಾಷಣ ಬಾಯಿಪಾಠ ಮಾಡಿಸುವ ಆಸೆ ಅದು. ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಒಪ್ಪಿಸಿದ ಕನ್ನಡ ಭಾಷಣಕ್ಕೆ ಚಪ್ಪಾಳೆ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಒಳ್ಳೆಯ ಪ್ರಾಥಮಿಕ ತರಗತಿ ಮೊದಲು ಕಲಿಸುವುದು ತಾಳ್ಮೆಯನ್ನು, ಅದೂ ದೊಡ್ಡವರಿಗೆ. ಹತ್ತು ಮಕ್ಕಳಲ್ಲಿ ನಾಲ್ವರು ಬಿಟ್ಟುಹೋದರೂ ಆರು ಮಕ್ಕಳು ಮುಂದಿನ ನವೆಂಬರ್ 1ರ ಹೊತ್ತಿಗೆ ಬಸ್ಸಿನ ಫಲಕ, ಅಂಗಡಿಯ ಹೆಸರು, ಅಜ್ಜಿಯ ಪತ್ರ ಓದುವಂತಾದರೆ ಆ ವರ್ಷದ ರಾಜ್ಯೋತ್ಸವ ಸಾರ್ಥಕ.

ಮುಂದಿನ ಸಲ ಸಂಘದ ವೇದಿಕೆಯಲ್ಲಿ ಪರದೇಶಕ್ಕೆ ಹೊರಟ ಶಿಕ್ಷಕಿಯೊಬ್ಬಳಿಗೆ ಶಾಲು ಹೊದಿಸುವಾಗ, ಕನ್ನಡದ ಕೀರ್ತಿ ಬೆಳಗಲಿ ಎಂದು ಹರಸುವುದರ ಜೊತೆಗೆ ಇನ್ನೊಂದು ಮಾತನ್ನೂ ಕೇಳಿಕೊಳ್ಳುವುದು ಒಳಿತು. ‘ಆ ಮಕ್ಕಳಿಗೆ ಕಲಿಸಿದ್ದರಲ್ಲಿ ಸ್ವಲ್ಪವನ್ನು ರಜೆಗೆ ಬಂದಾಗ ಈ ಮಕ್ಕಳಿಗೂ ಕಲಿಸಿ ಹೋಗಮ್ಮ’ ಎಂದು. ಆಕೆ ಇಲ್ಲ ಎನ್ನಲಾರಳು. ಆದರೆ ಆಕೆ ಬರುವ ಹೊತ್ತಿಗೆ ಚಾಪೆ ಹಾಸಿ, ಮಕ್ಕಳನ್ನು ಕೂರಿಸಿ, ಪುಸ್ತಕ ತರಿಸಿ ಇಡಬೇಕಾದ ಕೆಲಸ ಸಂಘದ್ದು.